ದಶಮಾಂಶದ ಪಟ್ಟಿ ಹರಿದ ಪಾಲಕರು

ದೇವರಿಗೆ ಕೊಡುವುದು ಕಟ್ಟಳೆಯೋ ಮನಸ್ಸಿನ ಇಚ್ಛೆಯೋ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಕ್ರೈಸ್ತ ಸಭೆಗಳಲ್ಲಿ ಮೊದಲು ನೆನಪಾಗುವವರು, ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಭಾಪಾಲಕರು. ಕಾಣಿಕೆಗೆ ಪ್ರೀತಿಯೇ ಅಳತೆ ಎಂದು ಕಿರಿಯರಿಗೆ ಕಲಿಸುತ್ತ ಬಂದ ಈ ಪೂಜ್ಯರು ಅದನ್ನು ತಾವು ಕಲಿತದ್ದು ತಡವಾಗಿ. ಅದನ್ನು ಮುಚ್ಚಿಡದೆ ಬರೆಯಬೇಕೆಂದು ಅವರೇ ಪಟ್ಟುಹಿಡಿದರು.

ಸೇವೆಗೆ ಸೇರಿದ ಹೊಸದರಲ್ಲಿ ಅವರು ಬಲು ಕಟ್ಟುನಿಟ್ಟು. ಗಳಿಕೆಯ ಹತ್ತನೆಯ ಪಾಲಾದ ದಶಮಾಂಶವನ್ನು ಕೊಡದೆ ಇಟ್ಟುಕೊಂಡವರು ದೇವರ ಮನೆಗೇ ಕನ್ನ ಹಾಕಿದಂತೆ ಎಂದು ಬೋಧಿಸುತ್ತಿದ್ದರು. ಆರಾಧನಾಲಯದ ಚಾವಣಿ ಸೋರತೊಡಗಿದ ವರ್ಷ, ಯಾರು ಕೊಟ್ಟರು, ಯಾರು ಕೊಡಲಿಲ್ಲವೆಂಬ ಪಟ್ಟಿಯನ್ನು ಬಾಗಿಲ ಪಕ್ಕ ಅಂಟಿಸಿದರು. ದರ್ಜಿಗಳಿಗೆ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿದುಕೊಡುತ್ತಿದ್ದ, ಎಲ್ಲರೂ ‘ಕಾಜಾ ಅಕ್ಕ’ ಎಂದೇ ಕರೆಯುತ್ತಿದ್ದ ವಿಧವೆಯೊಬ್ಬರ ಹೆಸರಿನ ಮುಂದೆ ಐದು ತಿಂಗಳು ಖಾಲಿಯಿತ್ತು. ತಂಗಿಯ ಕಾಯಿಲೆಗೆ ದುಡಿದದ್ದೆಲ್ಲ ಹೋಗುತ್ತಿದೆಯೆಂದು ಅಕ್ಕ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಆರನೆಯ ತಿಂಗಳು ಬಾಕಿಯೆಲ್ಲ ಒಟ್ಟಿಗೆ ಬಂತು. ಪಾಲಕರು ವೇದಿಕೆಯಿಂದಲೇ ಕೊಂಡಾಡಿದರು. ಕೇಳಿಸಿಕೊಳ್ಳಲು ಅಕ್ಕ ಬಂದಿರಲಿಲ್ಲ.

ಕೆಲವು ವಾರ ಕಳೆದು ಅವರು ಅಕ್ಕನ ಮನೆಗೆ ಹೋದರು. ಕಿಟಕಿಯ ಕೆಳಗೆ ಹೊಲಿಗೆ ಯಂತ್ರವಿದ್ದ ಜಾಗ ಬರಿದಾಗಿತ್ತು. ಅಕ್ಕ ಅಂಗಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಕೈಯಲ್ಲೇ ಹೊಲಿಯುತ್ತಿದ್ದರು.

“ಮಿಷನ್ ಎಲ್ಲಕ್ಕಾ?”

“ಮಾರಿದೆ ಅಯ್ಯನೋರೇ. ಜನ ಪಟ್ಟಿ ನೋಡೋರು, ಆಮೇಲೆ ನನ್ನ ಮುಖ ನೋಡೋರು. ತಡ್ಕೊಳ್ಳೋಕೆ ಆಗ್ಲಿಲ್ಲ.”

ಪಾಲಕರು ಕೈ ಮುಗಿದರು. “ಆ ದುಡ್ಡು ವಾಪಸ್ ಕೊಡಿಸ್ತೀನಿ. ತಪ್ಪಾಯ್ತು, ಕ್ಷಮಿಸಿ ಅಕ್ಕಾ.”

“ದುಡ್ಡು ಬೇಡ. ಪಟ್ಟಿ ಓದಿದ್ದು ಎಲ್ಲರೂ. ಕ್ಷಮೆ ಕೇಳೋದು ನನ್ನೊಬ್ಬಳ ಹತ್ರಾನಾ?”

ಮುಂದಿನ ಭಾನುವಾರ, ಸಭೆಯ ಹಿರಿಯರು ಬೇಡವೆಂದರೂ ಕೇಳದೆ, ಪಾಲಕರು ಪಟ್ಟಿಯನ್ನು ಹರಿದು ಎಲ್ಲರೆದುರು ತಪ್ಪೊಪ್ಪಿಕೊಂಡರು. ಅದನ್ನು ಕೇಳಿಸಿಕೊಳ್ಳಬೇಕಾದ ಅಕ್ಕನೇ ಅಲ್ಲಿರಲಿಲ್ಲ, ತಂಗಿಯನ್ನು ಕರೆದುಕೊಂಡು ಹಿಂದಿನ ದಿನವೇ ಊರು ಬಿಟ್ಟಿದ್ದರು. ಎಲ್ಲಿಗೆಂದು ನೆರೆಯವರಿಗೂ ತಿಳಿಯದು. ಊರೂರಿನ ಸಭೆಗಳಿಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ.

ಅಂದಿನಿಂದ ಯಾರು ಎಷ್ಟು ಕೊಟ್ಟರೆಂದು ಅವರು ವಿಚಾರಿಸಿದ್ದೇ ಇಲ್ಲ. ಕೊಡಲಾಗದೆ ಮುದುಡಿಕೊಂಡವರ ಮನೆಗೆ ಮಾತ್ರ ಮೊದಲು ಹೋದರು. ಈ ಸಾಲುಗಳನ್ನು ಬರೆಯುತ್ತಿರುವ ಶಿಷ್ಯನ ತಂದೆ ಕೆಲಸ ಕಳೆದುಕೊಂಡು ಆರಾಧನೆ ತಪ್ಪಿಸತೊಡಗಿದಾಗ, ಹೊಸ್ತಿಲಲ್ಲೇ ಅವರ ಕೈ ಹಿಡಿದು, “ಬರಿಗೈಲಿ ಬನ್ನಿ, ನೀವು ಬಂದ್ರೆ ಸಾಕು” ಎಂದಿದ್ದರು.

ಜನ ಇದನ್ನೆಲ್ಲ ಹೊಗಳಿದರೆ ಪಾಲಕರು ಇಂದಿಗೂ ತಲೆ ತಗ್ಗಿಸುತ್ತಾರೆ. ನಿವೃತ್ತಿಯ ಮರುದಿನವೇ ಅಕ್ಕನನ್ನು ಹುಡುಕಿಕೊಂಡು ಹೊರಡಲಿದ್ದಾರೆ. ಅಕ್ಕನಿಗೀಗ ಎಂಬತ್ತು ದಾಟಿರಬೇಕು. ಪೂಜ್ಯರ ಕಾಲುಗಳಿಗೆ ದೇವರು ಬಲ ಕೊಡಲಿ. ಆಯುಷ್ಯವನ್ನು ಇಬ್ಬರಿಗೂ ಕೊಡಲಿ.