ಹಳದಿ ಜ್ವರದ ಸೂಜಿಯೂ ಅತ್ತೆಯ ಶನಿವಾರಗಳೂ

ಇವತ್ತು ಬೆಳಿಗ್ಗೆ ಅಟ್ಟದ ಮೇಲಿನ ಬಟ್ಟೆಬ್ಯಾಗನ್ನು ಎಳೆದಾಗ ಅದರ ಹಿಂದಿದ್ದ ಖಾಕಿ ಟೋಪಿ ಸೀದಾ ನನ್ನ ತಲೆಯ ಮೇಲೆ ಬಿತ್ತು. ಮೂಗಿಗೆ ಹಿಡಿದರೆ ಇನ್ನೂ ಸೊಳ್ಳೆ ಮುಲಾಮಿನ ವಾಸನೆ. ಆಫೀಸಿನ ಗೆಳತಿಯೊಬ್ಬಳು ಆಫ್ರಿಕಾ ಸಫಾರಿಗೆ ಹೊರಟಿದ್ದಾಳೆ, ಬ್ಯಾಗು ಅವಳಿಗೆ. "ಏನೇನ್ ತಗೊಂಡ್ ಹೋಗ್ಬೇಕು ಹೇಳೇ" ಎಂದು ವಾರದಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ನಾನೂ ಮಹಾ ಅನುಭವಸ್ಥೆಯ ಹಾಗೆ ಹೇಳುತ್ತಿದ್ದೇನೆ. ಒಂದೇ ಒಂದು ಸಲ ಹೋಗಿ ಬಂದವರ ಬಾಯಿ ಹೇಗಿರುತ್ತದೆಂದು ನಿಮಗೂ ಗೊತ್ತಲ್ಲ.

ಗಟ್ಟಿ ಸೂಟ್‌ಕೇಸ್ ಬೇಡ, ಅಲ್ಲಿಯ ಪುಟ್ಟ ವಿಮಾನದಲ್ಲಿ ಹಿಡಿಯುವುದಿಲ್ಲ. ಕಪ್ಪು, ಕಡುನೀಲಿ ಬಟ್ಟೆ ಬೇಡವೇ ಬೇಡ, ಆ ಬಣ್ಣ ಕಂಡರೆ ಕಚ್ಚುವ ನೊಣಗಳು ಮುತ್ತಿಕೊಳ್ಳುತ್ತವೆ. ಮಣ್ಣಿನ ಬಣ್ಣದ್ದೇ ಆಗಬೇಕು. ಬೆಳಗಿನ ಜೀಪಿನಲ್ಲಿ ಚಳಿಗೆ ಹಲ್ಲು ಕಟಕಟಿಸುತ್ತದೆ, ಸ್ವೆಟರ್ ಮರೆಯಬೇಡ. ಮುಖ್ಯವಾಗಿ ಪ್ಲಾಸ್ಟಿಕ್ ಕವರ್ ಒಯ್ಯಬೇಡ, ಕೀನ್ಯಾದಲ್ಲಿ ಅದಕ್ಕೆ ನಿಷೇಧ. ಇದನ್ನು ಕೇಳಿ ನಮ್ಮ ಮನೆಯಲ್ಲಿ ಸೂತಕದ ಕಳೆ ಬಂದಿತ್ತು. ನಮ್ಮಲ್ಲಿ ಚಟ್ನಿಪುಡಿಗೊಂದು ಕವರು, ಆ ಕವರಿಗೊಂದು ಕವರು, ಎಲ್ಲವನ್ನೂ ಸೇರಿಸಿ ಸೀರೆ ಅಂಗಡಿಯ ದೊಡ್ಡ ಕವರು. ಕೊನೆಗೆ ಅತ್ತೆ ಹಳೇ ದಿಂಬಿನ ಚೀಲಗಳನ್ನು ಕತ್ತರಿಸಿ ಹೊಲಿದು ಕೊಟ್ಟರು.

ಇಷ್ಟೆಲ್ಲ ಹೇಳಿದವಳು ಒಂದು ವಿಷಯ ಮಾತ್ರ ಅವಳಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಆಫ್ರಿಕಾದ ಹುಚ್ಚು ನಮ್ಮತ್ತೆ ವಿಶಾಲಾಕ್ಷಿಯವರದು. ಶಿವಾಜಿನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಬೋರ್ಡಿನ ಮೇಲೆ ಕೈಯೆತ್ತದೆ ಒಂದೇ ಗೆರೆಯಲ್ಲಿ ಆಫ್ರಿಕಾ ಬರೆಯುತ್ತಿದ್ದರಂತೆ. "ಸವನ್ನಾ ಹುಲ್ಲುಗಾವಲು ಅಂತ ಜೀವಮಾನವೆಲ್ಲ ಪಾಠ ಹೇಳಿದೀನಿ, ಒಂದು ಕಡ್ಡಿ ಹುಲ್ಲೂ ಕಂಡಿಲ್ಲ" ಎನ್ನುವುದು ಅವರ ಕೊರಗು. ನಿವೃತ್ತರಾದ ಮೇಲೆ ಹಟ ಹಿಡಿದರು. ಅರವತ್ತು ದಾಟಿದವರಿಗೆ ಹಳದಿ ಜ್ವರದ ಲಸಿಕೆ ಕೊಡಲು ಡಾಕ್ಟರುಗಳು ಹಿಂದೆಮುಂದೆ ನೋಡುತ್ತಾರೆ ಎಂದು ಯಾರೋ ಹೇಳಿದ್ದೇ ತಡ, "ಹೋದ್ರೆ ಈ ವರ್ಷ, ಇಲ್ದಿದ್ರೆ ಇಲ್ಲ" ಎಂದರು. ಅರವತ್ತಕ್ಕೆ ಕೆಲವೇ ತಿಂಗಳಿತ್ತು.

ಇನ್ನು ನನ್ನ ಕಥೆ. ನನ್ನದು ಕೆ.ಆರ್. ಪುರದ ಬೇಸಾಯಗಾರರ ಮನೆ. ಹೊಲವಿದ್ದಲ್ಲಿ ಬಾಡಿಗೆ ಮನೆಗಳು ಎದ್ದರೂ ಹಿತ್ತಲಿನ ಕೋಳಿಗಳು ಹಾಗೇ ಇದ್ದವು. ಬಿಸಿಬಿಸಿ ಮೊಟ್ಟೆಯನ್ನು ಗೂಡಿನಿಂದ ತೆಗೆದು ಕೆನ್ನೆಗೆ ಒತ್ತಿಕೊಂಡು ಬೆಳೆದವಳು ನಾನು. ಶ್ರೀನಿಯನ್ನು ಮೆಚ್ಚಿ ಮದುವೆಯಾಗಿ ಲಿಂಗರಾಜಪುರದ ಈ ಶುದ್ಧ ಸಸ್ಯಾಹಾರಿ ಮನೆಗೆ ಬಂದ ದಿನವೇ, ಯಾರೂ ಕೇಳದಿದ್ದರೂ, "ಅತ್ತೆ, ಇನ್ಮೇಲೆ ನಾನು ಮೊಟ್ಟೆನೂ ಮುಟ್ಟಲ್ಲ" ಎಂದು ಘೋಷಿಸಿಬಿಟ್ಟೆ. ಹೊಸ ಸೊಸೆಯ ಉತ್ಸಾಹ, ಏನು ಹೇಳಲಿ! ಬಸುರಿಯಾದಾಗ ಆ ಘೋಷಣೆ ನನಗೇ ಮುಳುವಾಯಿತು. ಪಕ್ಕದ ಮನೆಯವರು ಆಮ್ಲೆಟ್ ಹಾಕಿದರೆ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಿದ್ದೆ. ಅತ್ತೆ ಬಂದು ಮಾತಿಲ್ಲದೆ ಕಿಟಕಿ ಮುಚ್ಚುತ್ತಿದ್ದರು. ಎಂಥ ಮಡಿವಂತರಪ್ಪಾ ಎಂದುಕೊಂಡು ನಾನು ಎಂಜಲು ನುಂಗಿಕೊಳ್ಳುತ್ತಿದ್ದೆ.

ಅವರ ಮಡಿ ಶನಿವಾರ ಇನ್ನೂ ಜೋರು. ಬೆಳಿಗ್ಗೆ ವೆಂಕಟರಮಣನ ದರ್ಶನ, ಮಧ್ಯಾಹ್ನ ಶಾಲೆಯ ಹತ್ತಿರದ ಕಮರ್ಷಿಯಲ್ ಸ್ಟ್ರೀಟು. ಬಂದವರೇ ಸೀದಾ ಬಚ್ಚಲಿಗೆ. "ಆ ಧೂಳು, ಆ ಜನ, ಸ್ನಾನ ಮಾಡದೆ ಹೇಗೆ ಒಳಗೆ ಬರ್ಲಿ?" ಪ್ರವಾಸದ ತಯಾರಿಯ ದಿನಗಳಲ್ಲೂ ಖಾಕಿ ಬಟ್ಟೆ ತರುತ್ತೇನೆಂದು ಶನಿವಾರ ಶನಿವಾರ ಹೋಗುವರು, ಬರಿಗೈಯಲ್ಲಿ ಬರುವರು. "ಸರಿಯಾದ ಬಣ್ಣ ಸಿಗ್ಲಿಲ್ಲ ಕಣೇ." ಬಟ್ಟೆಗೇ ಹೆಸರಾದ ಬೀದಿಯಲ್ಲಿ ಮಣ್ಣಿನ ಬಣ್ಣ ಸಿಗಲಿಲ್ಲವಂತೆ! ಆಗಲೂ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ ನೋಡಿ.

ಲಸಿಕೆಯ ದಿನ ಬಂತು. ವಿಮಾನ ಹತ್ತುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಬೇಗ ಸರದಿ ಸಿಗದೆ ನಾವು ಆ ಗಡುವಿನ ಅಂಚಿಗೆ ಬಂದು ನಿಂತಿದ್ದೆವು. ನನಗೂ ಶ್ರೀನಿಗೂ ಚುಚ್ಚಿ ಮುಗಿದು, ಅತ್ತೆಯ ಸರದಿ. ಹಿಂದೆ ಯಾವುದಾದರೂ ಇಂಜೆಕ್ಷನ್ ಆಗಿಬರದೆ ಇತ್ತೇ ಎಂದು ಡಾಕ್ಟರಮ್ಮ ಕೇಳಿದರು. ಚಿಕ್ಕಂದಿನಲ್ಲಿ ಒಮ್ಮೆ ಮೈಯೆಲ್ಲ ದದ್ದು ಎದ್ದಿತ್ತು ಎಂದರು ಅತ್ತೆ.

"ಮೊಟ್ಟೆ ತಿಂದ್ರೆ ಏನಾದ್ರೂ ಆಗತ್ತಾ ನಿಮ್ಗೆ? ಈ ಲಸಿಕೆ ತಯಾರಿಸೋದು ಮೊಟ್ಟೆಯೊಳಗೆ."

ಅಮ್ಮ ಬಾಯಿ ತೆರೆಯುವ ಮೊದಲೇ ಮಗ ಎದೆ ಸೆಟೆಸಿದ. "ಡಾಕ್ಟ್ರೇ, ನಮ್ದು ಪ್ಯೂರ್ ವೆಜಿಟೇರಿಯನ್ ಫ್ಯಾಮಿಲಿ. ಮೊಟ್ಟೆ ನಮ್ಮ ಹೊಸಿಲು ದಾಟಿಲ್ಲ. ಅಮ್ಮ ಕೇಕ್ ಕೂಡ ಮುಟ್ಟಲ್ಲ."

ಡಾಕ್ಟರಮ್ಮ ಮೆಚ್ಚಿಕೊಳ್ಳುವರೆಂದು ಅವನು ಕಾದ. ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕಷ್ಟ. ತಿಂದು ಏನೂ ಆಗಿಲ್ಲ ಅಂತ ಗೊತ್ತಿದ್ರೆ ಧೈರ್ಯವಾಗಿ ಕೊಡ್ತಿದ್ದೆ. ಹಳೇ ದದ್ದು ಬೇರೆ ಇದೆ. ಮೊದ್ಲು ಅಲರ್ಜಿ ಟೆಸ್ಟ್ ಮಾಡಿಸ್ಕೊಂಡು ಬನ್ನಿ."

ಟೆಸ್ಟಿಗೆ ಹೋದರೆ ಗಡುವು ಹೋಯಿತು. ಗಡುವು ಹೋದರೆ ಸವನ್ನಾ ಹೋಯಿತು. ಗೋಡೆಯ ಮೇಲೆ ಪ್ರಪಂಚದ ನಕ್ಷೆಯೊಂದಿತ್ತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಆಫ್ರಿಕಾವನ್ನೇ ನೋಡುತ್ತ ಕುಳಿತರು. ಆಮೇಲೆ ಕೆಮ್ಮಿದರು.

"ತಿಂತೀನಿ ಡಾಕ್ಟ್ರೇ."

"ಏನನ್ನ?"

"ಮೊಟ್ಟೆ. ಆಮ್ಲೆಟ್ಟು. ಪ್ರತೀ ಶನಿವಾರ, ಎಷ್ಟೋ ವರ್ಷದಿಂದ. ಏನೂ ಆಗಿಲ್ಲ."

ಅಯ್ಯೋ ದೇವರೇ! ಶ್ರೀನಿಯ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಡಾಕ್ಟರಮ್ಮ ಮಾತ್ರ ನಿರಾಳವಾಗಿ, "ಚೆನ್ನಾಗಿ ಬೆಂದಿರತ್ತಾ?" ಎಂದರು.

"ಇಲ್ಲ, ಮಧ್ಯೆ ಸ್ವಲ್ಪ ಹಸಿ ಇರ್ಬೇಕು. ಜಾಸ್ತಿ ಬೆಂದ್ರೆ ರಬ್ಬರ್ ಥರಾ ಆಗತ್ತೆ."

ಸೂಜಿ ಚುಚ್ಚಿದರು. ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ಕೂತಿರಿ, ಏನಾದರೂ ಆದರೆ ಕರೆಯಿರಿ ಎಂದರು. ಆಗಬೇಕಾದದ್ದು ಆಗಲೇ ಆಗಿಹೋಗಿತ್ತು. ಮೂವರೂ ಸಾಲಾಗಿ ಕುಳಿತೆವು. "ಶನಿವಾರಾನಾ ಅಮ್ಮಾ?" ಎಂದು ಒಂದೇ ಮಾತು ಕೇಳಿ ಶ್ರೀನಿ ನೀರು ಕುಡಿಯಲು ಎದ್ದು ಹೋದ. ಅವನಿಗೆ ಮೊಟ್ಟೆಗಿಂತ ವಾರದ ಆಘಾತವೇ ದೊಡ್ಡದು.

ಅವನು ಅತ್ತ ಹೋದ ಮೇಲೆ ಅತ್ತೆ ನನ್ನೆದುರು ಬಾಯಿಬಿಟ್ಟರು. ಅವರ ಜೊತೆಗೆ ಕೆಲಸ ಮಾಡುತ್ತಿದ್ದ ಖುರ್ಷೀದ್ ಟೀಚರ ಮನೆ ಶಾಲೆಯ ಹಿಂದಿನ ಗಲ್ಲಿಯಲ್ಲೇ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಲ್ಲಿಗೆ ಹೋಗುತ್ತಿದ್ದರಂತೆ. ಮೊದಲ ದಿನ ಖುರ್ಷೀದ್, "ಅರೆ ವಿಶಾಲೂ, ತಿನ್ಬೇಡ, ಸುಮ್ನೆ ನನ್ ಜೊತೆ ಕೂತ್ಕೋ" ಎಂದಿದ್ದರಂತೆ. ಕೂತವರು ತಿಂದರು. ನಿವೃತ್ತಿಯಾದರೂ ಶನಿವಾರ ನಿಲ್ಲಲಿಲ್ಲ. ಬಚ್ಚಲಿಗೆ ಓಡುತ್ತಿದ್ದದ್ದು ಧೂಳಿಗಲ್ಲ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿದ ಆಮ್ಲೆಟ್ಟಿನ ಘಮಲಿಗೆ.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. "ಅತ್ತೆ, ನಾನು ಬಸುರಿಯಾಗಿದ್ದಾಗ..." ಎಂದೆ.

"ನೋಡಿದ್ದೆ ಕಣೇ," ಎಂದರು. "ನೀನು ಕಿಟಕಿ ಹತ್ರ ನಿಂತ್ಕೊಂಡು ವಾಸನೆ ತಗೋತಿದ್ದೆ. ನಾನು ನೋಡಕ್ಕಾಗ್ದೆ ಬಂದು ಮುಚ್ತಿದ್ದೆ."

"ಒಂದು ಮಾತು ಹೇಳ್ಬಹುದಿತ್ತಲ್ಲ!"

"ಹೇಗ್ ಹೇಳ್ಲಿ? ನೀನು ಬಂದ ದಿನಾನೇ ಬಿಟ್ಬಿಟ್ಟೆ ಅಂದೆ. ನನ್ನ ಸೊಸೆ ನನಗೋಸ್ಕರ ಬಿಟ್ಲು ಅಂತ ನೆಂಟರಿಗೆಲ್ಲ ಹೇಳ್ಕೊಂಡು ಮೆರೆದೆ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಬೇಕಿತ್ತು?" ಎಂದವರೇ ಸೂಜಿ ಚುಚ್ಚಿದ ತೋಳನ್ನು ಉಜ್ಜಿಕೊಂಡರು. "ತಪ್ಪಾಯ್ತು ಕಣಮ್ಮಾ."

ಆ ಕ್ಷಣಕ್ಕೆ ನಾನೇನೂ ಕರಗಲಿಲ್ಲ. ಮನೆಯವರೆಗೂ ಆಟೋದಲ್ಲಿ ಮುಖ ತಿರುಗಿಸಿಕೊಂಡೇ ಕುಳಿತಿದ್ದೆ. ಆದರೆ ಅದರ ಮುಂದಿನ ಶನಿವಾರ ಖಾಕಿ ಬಟ್ಟೆ ತರಲು ಇಬ್ಬರೂ ಹೋದೆವು. ಮೊದಲ ಅಂಗಡಿಯಲ್ಲೇ ಬಣ್ಣ ಸಿಕ್ಕಿತು, ಹದಿನೈದು ನಿಮಿಷಕ್ಕೆ ಕೆಲಸ ಮುಗಿಯಿತು. ಅಲ್ಲಿಂದ ಅತ್ತೆ ಶಾಲೆಯ ಹಿಂದಿನ ಗಲ್ಲಿಯ ಕಡೆ ತಿರುಗಿದರು, ನಾನೂ ತಿರುಗಿದೆ. ಬಾಗಿಲು ತೆಗೆದ ಖುರ್ಷೀದ್ ಟೀಚರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂತೂ ಬಂದ್ಯಲ್ಲಮ್ಮಾ! ಇವಳು ಇಲ್ಲಿ ಒಂದೊಂದು ತುತ್ತಿಗೂ ನಿನ್ನ ನೆನಪಿಸ್ಕೊಂಡು ಅಳ್ತಿದ್ಳು. ಅತ್ಕೊಂಡೇ ತಿಂತಿದ್ಳು, ಬಿಡ್ತಿರ್ಲಿಲ್ಲ" ಎಂದರು.

ಮಗುವನ್ನು ನನ್ನ ತವರಿನಲ್ಲಿ ಬಿಟ್ಟು ಆಫ್ರಿಕಾಕ್ಕೂ ಹೋದೆವು. ಸಿಂಹ ಜೀಪಿನ ಪಕ್ಕದಲ್ಲೇ ಆಕಳಿಸಿತು. ಅತ್ತೆ ಹುಲ್ಲನ್ನು ಸವರಿ ಅತ್ತರು. ಹಾಗಿದ್ದರೂ ಯಾರಾದರೂ ಸಫಾರಿ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಆ ಬೆಂಚೇ.

ಟೋಪಿಯನ್ನು ಬ್ಯಾಗಿಗೆ ತುರುಕುತ್ತಿದ್ದಂತೆ ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ನಿನಗೆ ಒಂದಾ, ಎರಡಾ?"

"ಎರಡು" ಎಂದು ಒಳಗೆ ಹೋದೆ. ಅತ್ತೆ ಬಾಣಲಿ ಇಟ್ಟು, ಮೊಟ್ಟೆ ಒಡೆಯುವ ಮುಂಚೆ ಅಭ್ಯಾಸಬಲದಿಂದ ಕಿಟಕಿ ಮುಚ್ಚಿದ್ದರು.

"ಅಕ್ಕಪಕ್ಕದವರಿಗೆ ವಾಸನೆ ಹೋಗತ್ತೆ ಕಣೇ."

"ಹೋಗ್ಲಿ ಬಿಡಿ, ಅತ್ತೆ" ಎಂದು ನಾನು ಕಿಟಕಿಯ ಎರಡೂ ಬಾಗಿಲನ್ನು ಅಗಲವಾಗಿ ತೆರೆದೆ.