ಪುರಿಂಗ್ ಅಕ್ಕನ ಕೆಂಪು ಪೆನ್ನು
ಇಲೋಕೋಸ್ ಕರಾವಳಿಯ ಈ ಊರಿನ ವಿದ್ಯಾರ್ಥಿವೇತನ ಸಂಘದ ಸ್ವಯಂಸೇವಕಿ ಪುರಿಂಗ್ ಅಕ್ಕನಿಗೆ ಶನಿವಾರವೆಂದರೆ ಪತ್ರದ ದಿನ. ಹವಾಯಿಯಲ್ಲಿರುವ ದಾನಿಗಳಿಗೆ ಮಕ್ಕಳು ಬರೆದ ಕೃತಜ್ಞತೆಯ ಪತ್ರಗಳನ್ನು ಅವಳು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓದುತ್ತಾಳೆ. ಕಾಗುಣಿತ ತಪ್ಪಿದರೆ ಕ್ಷಮೆಯುಂಟು. ಗೋಳು ತೋಡಿಕೊಂಡರೆ ಇಲ್ಲ. ಅಂಥ ಸಾಲುಗಳನ್ನು ಹೊಡೆದು ಹಾಕಿ ಹಾಕಿ ಅವಳ ಕೆಂಪು ಪೆನ್ನಿನ ಆಯುಷ್ಯ ಮೂರೇ ಶನಿವಾರ. "ಮನೇಲಿ ಅನ್ನ ಇಲ್ಲ ಅಂತ ಯಾಕೇ ಬರ್ದೆ? ಗಣಿತದಲ್ಲಿ ತೊಂಬತ್ತು ಬಂತಲ್ಲ, ಅದನ್ನ ಬರಿ!" "ನಿಜಾನೇ ಅಲ್ವಾ ಅಕ್ಕಾ?" ಎಂದು ಮೊನ್ನೆ ಆ ಪತ್ರ ಬರೆದ ಹುಡುಗಿ ಜೊವೆಲಿನ್ ಕೇಳಿದಳು. "ನಿಜ ಕಣೇ. ನಿಮ್ಮನೆ ಮಾತು ಅದು, ಮನೇಲೇ ಇರ್ಲಿ." ಹನ್ನೆರಡರ ಹುಡುಗಿಯಾಗಿದ್ದಾಗ ಪುರಿಂಗ್ ಬರೆದಿದ್ದ ಅಂಥದೇ ಪತ್ರವನ್ನು ಸಂಘದವರು ಊರಹಬ್ಬದ ವೇದಿಕೆಯಲ್ಲಿ ಮೈಕು ಹಿಡಿದು ಓದಿದ್ದರು. ಊರೆಲ್ಲ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಅವಳ ಅಪ್ಪನೂ ತಲೆ ತಗ್ಗಿಸಿಕೊಂಡೇ ಚಪ್ಪಾಳೆ ತಟ್ಟಿದ್ದ.