ತಡವಾಗಿ ಊದಿದ ಗಾಳಿ

ನಮ್ಮ ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರು ದಪ್ಪವಾಗಿ, ಹಳದಿಗಟ್ಟಿ, ತುದಿಯಲ್ಲಿ ಚಪ್ಪಟೆಯಾಗಿತ್ತು. ರಿಮೋಟು, ರೇಡಿಯೊ, ಕಂಪ್ಯೂಟರು, ಏನು ಕೊಟ್ಟರೂ ಮೊದಲು ಆ ಉಗುರನ್ನು ಸಂದಿಗೆ ತೂರಿಸುತ್ತಿದ್ದರು. ವಿಜಯಪುರದ ಪಾಲಿಟೆಕ್ನಿಕ್‌ನಲ್ಲಿ ನನಗೆ ಕಲಿಸಿದವರು ಅವರು. ಆಮೇಲೆ ಅಲ್ಲಿಯೇ ನಾನೂ ಪಾಠ ಹೇಳತೊಡಗಿದೆ.

“ಬಿಚ್ಚಾಕ ಬರಲಿಲ್ಲಂದ್ರ ಅದು ನಿಂದಲ್ಲ ತಂಗೀ, ಬಾಡಿಗಿದು” ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ತಿಕೋಟಾದ ಒಂದು ಶೆಡ್ಡಿಗೆ ಒಣದ್ರಾಕ್ಷಿ ಆರಿಸುವ ಯಂತ್ರ ಕಟ್ಟಿಕೊಟ್ಟರು. ಪಟ್ಟಿಯ ಮೇಲೆ ಸಾಗುವ ದ್ರಾಕ್ಷಿಯನ್ನು ಕ್ಯಾಮೆರಾ ನೋಡುತ್ತದೆ. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕಪ್ಪಾದದ್ದನ್ನು ಗುರುತಿಸುತ್ತದೆ. ಸಣ್ಣ ಕೊಳವೆ ಗಾಳಿ ಊದಿ ಅದನ್ನು ಹಾರಿಸುತ್ತದೆ. ಹೊರಗಿನ ಕಂಪನಿಯ ಯಂತ್ರ ತಂದರೆ ಜೊತೆಗೆ ಅವರ ಆಳೇ ಬರುತ್ತಾನೆ, ಇಷ್ಟು ವರ್ಷ ಕೈಯಿಂದ ಆರಿಸಿದ ಹೆಂಗಸರು ಕೆಲಸ ಕಳೆದುಕೊಳ್ಳುತ್ತಾರೆ. ಯಾರಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶದಿಂದ ಕಟ್ಟಿದರೆ ಆ ಹೆಂಗಸರೇ ಯಂತ್ರ ನಡೆಸಬಹುದು. ಹೀಗೆಂದು ಶೆಡ್ಡಿನ ಮಾಲೀಕರಿಗೆ ಮಾತು ಕೊಟ್ಟು, ಹೆಂಗಸರಿಗೆ ಕಲಿಸಿಯೂ ಇದ್ದರು.

ಕಾರ್ಡು ಹಳೆಯದು. ಅದನ್ನು ಓಡಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ತಯಾರಕರು ಕೊಡುವುದನ್ನು ನಿಲ್ಲಿಸಿದ್ದರು. ಒಳಗಿನ ವಿವರವನ್ನೂ ಯಾರಿಗೂ ತಿಳಿಸಿರಲಿಲ್ಲ. ಎಲ್ಲೋ ಕೂತ ಪುಣ್ಯಾತ್ಮರು ಊಹೆಯ ಮೇಲೆಯೇ ಬರೆದ ಮುಕ್ತ ಡ್ರೈವರ್ ಒಂದಿತ್ತು. ಅದರಿಂದ ಕಾರ್ಡು ನಡೆಯುತ್ತಿತ್ತು, ಆದರೆ ನಿಧಾನ. ವೇಗ ಏರಿಸುವ ಕೀಲಿ ತಯಾರಕರ ಬಳಿಯೇ ಉಳಿದಿತ್ತು. ಬೊಗಸೆ ದ್ರಾಕ್ಷಿ ಹಾಕಿ ನೋಡಿದಾಗ ಮಾಸ್ತರರಿಗೆ ಅಷ್ಟು ವೇಗ ಸಾಕೆನಿಸಿತ್ತು.

ಮಾಲೀಕರು ನೆಂಟರನ್ನೆಲ್ಲ ಕರೆದು ಪಟ್ಟಿಯ ತುಂಬ ಸುರಿಸಿದ ದಿನ ಗಾಳಿ ತಡವಾಗಿ ಊದಿತು. ಕಪ್ಪು ದ್ರಾಕ್ಷಿ ಮುಂದೆ ಹೋಯಿತು. ಹಿಂದಿನ ಹಸಿರು ದ್ರಾಕ್ಷಿ ಕಸದ ಬುಟ್ಟಿಗೆ ಹಾರಿತು.

“ಏನಾಗೇತ್ರಿ ಮಾಸ್ತರ?” ಎಂದರು ಮಾಲೀಕರು.

“ಡ್ರೈವರ್ ಸರಿ ಇಲ್ರಿ.”

“ಇಷ್ಟ ಏನ್ರಿ! ಬಸ್‌ಸ್ಟ್ಯಾಂಡಿನ್ಯಾಗ ಬೇಕಾದಷ್ಟು ಮಂದಿ ಡ್ರೈವರ್ ಅದಾರ. ಒಬ್ಬನ್ನ ಕರಸ್ತೇನಿ, ತಡೀರಿ.”

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಆರಿಸುವವರಲ್ಲಿ ಹಿರಿಯರಾದ ಹೆಂಗಸೊಬ್ಬರು ಮಾತ್ರ ನಗದೆ ಮುಂದೆ ಬಂದರು. “ಬಿಚ್ಚಿ ನೋಡ್ರಿ ಸರ್ರ. ಹಂಗ ಮಾಡ್ರಿ ಅಂತ ನೀವ ಕಲಿಸೀರಲ್ಲ.”

“ಇದನ್ನ ಬಿಚ್ಚಾಕ ನನಗ ಬರಾಂಗಿಲ್ಲ ಯವ್ವಾ.”

ಪಕ್ಕದಲ್ಲೇ ನಿಂತಿದ್ದ ನಾನು ಮಾಸ್ತರರ ಮುಖ ನೋಡಲಾರದೆ ನೆಲ ನೋಡಿದೆ.

ಮಾಲೀಕರು ಹೊರಗಿನ ಯಂತ್ರವನ್ನೇ ತರಿಸಿದರು. ಕೆಲಸ ಹೋದ ಸುದ್ದಿ ಬೇರೆ ಯಾರಿಂದಲೂ ತಿಳಿಯಬಾರದೆಂದು ಮಾಸ್ತರರು ನನ್ನನ್ನು ಕರೆದುಕೊಂಡು ಆ ಹೆಂಗಸರ ಮನೆಮನೆಗೂ ಹೋಗಿ ಹೇಳಿದರು. ಮರಳುವ ಬಸ್ಸಿನಲ್ಲಿ ವಿಜಯಪುರ ಹತ್ತಿರವಾದಾಗ ಅಂದರು: “ಒಬ್ಬರೂ ಬೈಲಿಲ್ಲ ತಂಗೀ. ಎಲ್ಲಾರೂ ಚಾ ಕೊಟ್ರು.”

ಅವರು ಮತ್ತೆ ತಿಕೋಟಾಕ್ಕೆ ಹೋಗಲಿಲ್ಲ. ಈಗ ಅವರಿಲ್ಲ.

ಅವರು ತೀರಿಕೊಂಡ ಮೇಲೆ ಅದೇ ತಯಾರಕರು ತಮ್ಮ ಡ್ರೈವರಿನ ಒಂದು ಭಾಗವನ್ನು ಎಲ್ಲರಿಗೂ ತೆರೆದಿಟ್ಟರು. ಸುದ್ದಿ ಓದಿದೊಡನೆ ನಮ್ಮ ಕಾರ್ಡಿಗಾಗಿ ಹುಡುಕಿದೆ. ತೆರೆದದ್ದು ಹೊಸ ಕಾರ್ಡುಗಳಿಗೆ ಮಾತ್ರ, ನಮ್ಮದು ಇರಲಿಲ್ಲ. ಹುಡುಕಿ ಇನ್ನೊಮ್ಮೆ ನಿರಾಶರಾಗಲು ಮಾಸ್ತರರು ಉಳಿದಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಕಲಿಸಿದವರ ಸಾವಿನಲ್ಲಿ ಒಳ್ಳೆಯದು ಕಂಡೆನಲ್ಲ ಎಂದು ಮರುಕ್ಷಣವೇ ತಲೆ ತಗ್ಗಿತು.